ಪ್ರಿಯದರ್ಶಿನಿಯ ಮೂರನೆಯ ಕಂಪನಿ

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸ್ವಿಚ್ ಹಾಕುವ ಸರದಿ ಬಂದರೆ ಪ್ರಿಯದರ್ಶಿನಿ ನನ್ನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದಳು. "ಗೌರಿ, ನೀನೇ ಹಾಕೇ. ನಂಗೆ ಕೈ ಬರಲ್ಲ," ಅನ್ನುವಳು. ಸರ್ಕ್ಯೂಟ್ ಜೋಡಿಸಿದವಳು ಅವಳೇ. ಅಷ್ಟು ಚೊಕ್ಕವಾಗಿ ಜೋಡಿಸುವವರು ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅದಕ್ಕೆ ಕರೆಂಟ್ ಕೊಡುವ ಗಳಿಗೆ ಬಂದಾಗ ಅವಳ ತುಟಿ ಒಣಗುತ್ತಿತ್ತು. ಇಂಥವಳು ಒಂದರ ಹಿಂದೊಂದು ಕಂಪನಿ ಕಟ್ಟಿದಳು ಎಂದರೆ ನಮಗೆ ಪಾಠ ಮಾಡಿದವರು ಈಗಲೂ ನಂಬುವುದಿಲ್ಲ. ಆ ಕಂಪನಿಗಳಲ್ಲೆಲ್ಲ ನಾನು ಅವಳ ಜೊತೆಗಿದ್ದೆ. ಯಂತ್ರ ಅವಳದು, ಗಿರಾಕಿಗಳ ಜೊತೆಗಿನ ಮಾತು ನನ್ನದು.

ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಕೃಷ್ಣಪ್ಪನವರು ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದರು. ಪಾಳಿ ಮುಗಿದು ಅವರು ಬರುವುದು ಸ್ವಲ್ಪ ತಡವಾದರೂ ಅಮ್ಮ ಪ್ರೇಮಮ್ಮ ಒಲೆ ಆರಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಅವರ ಸೆರಗು ಹಿಡಿದು ಮಗಳೂ ನಿಲ್ಲುತ್ತಿದ್ದಳು. ಕೃಷ್ಣಪ್ಪನವರಿಗೆ ಯಾವತ್ತೂ ಏನೂ ಆಗಲಿಲ್ಲ. ಒಂದು ಗಾಯವೂ ಇಲ್ಲದೆ ರಿಟೈರಾಗಿ, ಈಗ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆದರೆ ಬಾಗಿಲಲ್ಲಿ ನಿಂತು ಕಲಿತ ಹೆದರಿಕೆ ಮಗಳನ್ನು ಬಿಡಲಿಲ್ಲ.

ಮೊದಲ ಕಂಪನಿಯೂ ಒಂದು ಹೆದರಿಕೆಯಿಂದಲೇ ಹುಟ್ಟಿತು. ಗಾಜನೂರಿನಲ್ಲಿ ಅವಳ ಸೋದರಮಾವನ ಗದ್ದೆ ಇತ್ತು. ಪಂಪ್‌ಸೆಟ್ಟಿಗೆ ಕರೆಂಟ್ ಬರುವುದು ಹೊತ್ತಲ್ಲದ ಹೊತ್ತಿಗೆ. ರಾತ್ರಿ ಮೋಟಾರ್ ಹಾಕಲು ಮಾವ ಬದುವಿನ ಮೇಲೆ ನಡೆದು ಹೋಗುವಾಗ ಒಮ್ಮೆ ಹಾವು ಕಾಲ ಮೇಲೆ ಹರಿದು ಹೋಯಿತು. ಕಚ್ಚಲಿಲ್ಲ. ಮಾವ ಅದನ್ನು ನಗುತ್ತಾ ಹೇಳಿದರು. ಇವಳು ಮಾತ್ರ ನಿದ್ದೆಗೆಟ್ಟು ಕೂತು, ಮನೆಯಿಂದಲೇ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಶುರುವಾಗುವ ಪೆಟ್ಟಿಗೆಯೊಂದನ್ನು ಮಾಡಿದಳು. ತುಂಗಾ ದಡದ ಊರುಗಳಲ್ಲಿ ಅದು ಚೆನ್ನಾಗಿ ನಡೆಯಿತು. ಕೊನೆಗೆ ದೊಡ್ಡದೊಂದು ಪಂಪ್ ಕಂಪನಿ ಅದನ್ನು ಕೊಂಡುಕೊಂಡಿತು.

ಎರಡನೆಯದು ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ. ಅದು ಗ್ಯಾಸ್ ಸೋರಿದರೂ ಕೂಗುತ್ತಿತ್ತು, ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೂ ಕೂಗುತ್ತಿತ್ತು. ವಿನೋಬನಗರದ ಒಬ್ಬರು ಅದಕ್ಕೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದನ್ನು ನೋಡಿದ ದಿನ ನಾವು ಆ ಕಂಪನಿಗೆ ಬೀಗ ಹಾಕಿದೆವು.

ಮೂರನೆಯದು ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಆಗ ಎಲ್ಲೆಲ್ಲೋ ಸ್ಕೂಟರುಗಳು ಹೊತ್ತಿ ಉರಿದ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದ್ದವು. ಪ್ರಿಯದರ್ಶಿನಿ ಅವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಳು. ಬ್ಯಾಟರಿಯ ಒಳಗೆ ಕೂತು, ಪ್ರತಿಯೊಂದು ಸೆಲ್ಲಿನ ಬಿಸಿಯನ್ನು ಗಮನಿಸುತ್ತಾ, ಸ್ವಲ್ಪ ಹೆಚ್ಚಾದರೂ ಚಾರ್ಜಿಂಗ್ ನಿಲ್ಲಿಸಿಬಿಡುವ ಒಂದು ಪುಟ್ಟ ಬೋರ್ಡನ್ನು ಅವಳು ಕಂಡುಹಿಡಿದಳು. ಅದಕ್ಕೆ ಕಾವಲು ಬೋರ್ಡ್ ಎಂದು ಹೆಸರಿಟ್ಟಳು. ಪೇಟೆಂಟ್ ಸಿಕ್ಕಿತು. ಕಾಲೇಜಿನಲ್ಲಿ ನಮ್ಮ ಸೀನಿಯರ್ ಆಗಿದ್ದ ಹರ್ಷವರ್ಧನ ಬಂಡವಾಳ ಹಾಕಿ ಪಾಲುದಾರರಾದರು. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಸಿಕ್ಕಿತು. ಎರಡೇ ವರ್ಷದಲ್ಲಿ ಶಿವಮೊಗ್ಗದ ಗಲ್ಲಿಗಲ್ಲಿಯಲ್ಲಿ ನಮ್ಮ ಬ್ಯಾಟರಿಯ ಸ್ಕೂಟರುಗಳು ಓಡಾಡತೊಡಗಿದವು.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಶೆಡ್ಡಿನ ಗೋಡೆಗಳು ಬೆವರುತ್ತಿದ್ದವು, ಕುರ್ಚಿಯ ಮೇಲೆ ಬಿಟ್ಟ ಬಟ್ಟೆಗೆ ಬೂಷ್ಟು ಬರುತ್ತಿತ್ತು. ಒಂದು ಬೆಳಿಗ್ಗೆ ರಿಪೇರಿಗೆ ಬಂದಿದ್ದ ಬ್ಯಾಟರಿ ಪ್ಯಾಕ್ ಒಂದನ್ನು ಮೇಜಿನ ಮೇಲಿಟ್ಟು ಚಾರ್ಜಿಗೆ ಹಾಕಿದ್ದೆವು. ನಾನು ಫೋನಿನಲ್ಲಿ ಮಾತಾಡುತ್ತಿದ್ದೆ. ಅದರೊಳಗಿನಿಂದ ಟಕ್ ಎಂದು ಸಣ್ಣ ಸದ್ದು ಬಂತು. ಆಮೇಲೆ ನೇಲ್ ಪಾಲಿಶ್ ಬಾಟಲಿ ತೆಗೆದಾಗ ಬರುವಂಥ ಒಂದು ಸಿಹಿ ವಾಸನೆ.

"ಎಲ್ರೂ ಹೊರಗೆ ಹೋಗಿ," ಎಂದಳು ಪ್ರಿಯದರ್ಶಿನಿ. ಕೂಗಲಿಲ್ಲ. ಅವಳ ಗಂಟಲಿನಿಂದ ಅಂಥ ದನಿ ಬಂದದ್ದನ್ನು ನಾನು ಮೊದಲು ಕೇಳಿರಲಿಲ್ಲ. ನಾವು ಬಾಗಿಲು ದಾಟುವಷ್ಟರಲ್ಲಿ ಬಿಳಿ ಹೊಗೆ ಚಾವಣಿ ಮುಟ್ಟಿತ್ತು, ಹಿಂದೆಯೇ ಬೆಂಕಿ. ಸಾಮಾನ್ಯ ಬೆಂಕಿಯಂತೆ ಅದು ಮೇಲೆ ಏಳಲಿಲ್ಲ, ಸ್ಟೌವಿನ ಉರಿಯ ಹಾಗೆ ಅಡ್ಡಕ್ಕೆ ಚಿಮ್ಮಿತು. ಮರಳು ಸುರಿದರೂ ಒಳಗೊಳಗೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದು ಪೂರ್ತಿ ತಣ್ಣಗಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ನಾನು ಹೊರಗೆ ಕಾಂಪೌಂಡಿಗೆ ಒರಗಿ ಕೂತಿದ್ದೆ.

ನಾನು ಎದ್ದು ಒಳಗೆ ಹೋದಾಗ ಪ್ರಿಯದರ್ಶಿನಿ ಕಂಪ್ಯೂಟರಿನ ಮುಂದೆ ನಿಂತಿದ್ದಳು. ನಮ್ಮ ಪ್ರತಿ ಬ್ಯಾಟರಿಯಲ್ಲೂ ಒಂದು ಸಿಮ್ ಇತ್ತು. ಅದು ತನ್ನ ಬಿಸಿ ಎಷ್ಟು, ಚಾರ್ಜ್ ಎಷ್ಟು ಎಂಬುದನ್ನು ಆಗಾಗ ನಮಗೆ ತಿಳಿಸುತ್ತಿತ್ತು.

"ನೋಡೇ," ಎಂದಳು. "ಉರಿದುಹೋಗೋ ಗಳಿಗೇಲೂ ಇದು ಇಪ್ಪತ್ನಾಲ್ಕು ಡಿಗ್ರಿ ಅಂತ ಹೇಳಿದೆ. ತಣ್ಣಗಿದೀನಿ ಅಂತ."

ರಿಪೇರಿಗೆ ಬಂದಿದ್ದ ಇನ್ನೊಂದು ಪ್ಯಾಕನ್ನು ಅಂಗಳಕ್ಕೆ ಒಯ್ದು ಬಿಚ್ಚಿದಳು. ಬಿಸಿಯನ್ನು ಅಳೆಯುವ ಸಣ್ಣ ತಂತಿ ಕಾವಲು ಬೋರ್ಡಿಗೆ ಸೇರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಮಳೆಗಾಲದ ತೇವ ಒಳಗಿಳಿದಿತ್ತು. ಕಿಲುಬು ಹಿಡಿದ ಮೇಲೆ ಬೋರ್ಡಿಗೆ ನಿಜವಾದ ಬಿಸಿ ತಿಳಿಯುವುದಿಲ್ಲ, ಹಳೆಯ ಅಂಕಿಯನ್ನೇ ಹೇಳುತ್ತಾ ಕೂರುತ್ತದೆ. ಸೆಲ್ ಕಾದು ಕೆಂಡವಾದರೂ ಚಾರ್ಜಿಂಗ್ ನಿಲ್ಲುವುದಿಲ್ಲ. ತಪ್ಪು ಸೆಲ್ಲಿನದಲ್ಲ, ಚಾರ್ಜರಿನದಲ್ಲ. ಅವಳು ಕಂಡುಹಿಡಿದ ಬೋರ್ಡಿನದು.

ಅವಳು ಎದ್ದು ಒಳಗೆ ಹೋಗಿ ಬ್ಯಾಟರಿ ಕೊಂಡವರ ಪಟ್ಟಿ ತೆಗೆದಳು.

ಸಂಜೆಯ ಹೊತ್ತಿಗೆ ಹರ್ಷವರ್ಧನ ಬಂದರು. ಸುಟ್ಟ ಮೇಜನ್ನು ಒಂದು ಸುತ್ತು ಬಂದು ನೋಡಿದರು. ಆಮೇಲೆ ಹೇಳಿದರು: "ಒಂದು ಪ್ಯಾಕ್ ತಾನೆ. ಹೊರಗಿನ ಲ್ಯಾಬಿಗೆ ಕಳಿಸೋಣ. ರಿಪೋರ್ಟ್ ಬರ್ಲಿ."

"ಅದು ಬರೋದ್ರೊಳಗೆ ಯಾರ್ದಾದ್ರೂ ಮನೆ ಹೊತ್ಕೊಂಡ್ರೆ?"

"ಹೊತ್ಕೊಂಡಿಲ್ವಲ್ಲ ಪ್ರಿಯಾ."

"ಇವತ್ತು ಹೊತ್ಕೊಂಡಿಲ್ಲ."

"ನೀವು ಮೊದ್ಲಿಂದಾನೂ ಎಲ್ಲಕ್ಕೂ ಹೆದರ್ತೀರಿ. ಒಂದು ಮೆಸೇಜ್ ಹೊರಗೆ ಹೋದ್ರೆ ನಾಳೆಯಿಂದ ಕಂಪನಿ ಇರಲ್ಲ, ಅದು ಗೊತ್ತಾ ನಿಮ್ಗೆ?"

"ಗೊತ್ತು," ಎಂದಳು. ನನ್ನ ಕಡೆ ತಿರುಗಿದಳು. "ಗೌರಿ, ಕಳ್ಸು."

ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಮನೆಯಿಂದ ಹೊರಗೆ ಬಯಲಲ್ಲಿ ಇಡಿ, ನಾವೇ ಬಂದು ಒಯ್ಯುತ್ತೇವೆ, ಎಂದು ಗಿರಾಕಿಗಳಿಗೆಲ್ಲ ಕಳಿಸಲು ನಾನು ಮೊಬೈಲಿನಲ್ಲಿ ಬರೆದಿಟ್ಟಿದ್ದೆ. ನನ್ನ ಬೆರಳು ನಿಂತಿತು. ನನಗೂ ಕೆಲಸ ಹೋಗುವ ಭಯವಿತ್ತು. ಹರ್ಷವರ್ಧನ ನನ್ನನ್ನೇ ನೋಡುತ್ತಿದ್ದರು. ಕಣ್ಣು ತಗ್ಗಿಸಿ ಒತ್ತಿದೆ.

ಮರುದಿನದಿಂದ ಶುರುವಾದದ್ದು ನಾನು ಎಂದೂ ಮರೆಯಲಾರದ ಓಡಾಟ. ಕೆಲವರು ಬೈದರು, ಕೆಲವರು ನಕ್ಕರು. ಒಬ್ಬರು, "ಚೆನ್ನಾಗೇ ಓಡ್ತಿದ್ಯಲ್ಲ ಮಾರಾಯ್ತಿ, ಯಾಕೆ ಕಿತ್ಕೊಂಡು ಹೋಗ್ತೀರಿ?" ಎಂದು ಬಾಗಿಲಿಗೆ ಅಡ್ಡ ನಿಂತರು. ಗಾಡಿಯಿಂದ ಬಿಚ್ಚಿ ತಂದ ಅವರ ಬ್ಯಾಟರಿ ದೇವರ ಮನೆಯ ಪಕ್ಕದಲ್ಲೇ ಇತ್ತು. ಒಂದು ಮನೆಯಲ್ಲಿ ಬಾಣಂತಿಯ ಮಂಚದ ಕೆಳಗಿಂದ ಎಳೆದು ತೆಗೆದೆವು. ಪ್ರತಿ ಮನೆಯಲ್ಲೂ ಪ್ರಿಯದರ್ಶಿನಿ ಮೊದಲು ಅಂಗೈಯನ್ನು ಪೆಟ್ಟಿಗೆಯ ಹತ್ತಿರ ಹಿಡಿದು ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿರುತ್ತಿತ್ತು. ತಣ್ಣಗಿದ್ದರೆ ಉಸಿರು ಬಿಟ್ಟು ಎತ್ತಿಕೊಳ್ಳುತ್ತಿದ್ದಳು.

ಒಂದೊಂದಾಗಿ ಎಲ್ಲವೂ ಸಿಕ್ಕವು. ಒಂದು ಮಾತ್ರ ಸಿಗಲಿಲ್ಲ. ಅದನ್ನು ಕೊಂಡಿದ್ದವನು ಧರ್ಮೇಂದ್ರ ಎಂಬ ಮೋಟಾರ್ ರಿವೈಂಡಿಂಗ್ ಕೆಲಸದವನು. ಅವನು ಅಂಗಡಿ ಬದಲಾಯಿಸಿದ್ದ, ಫೋನ್ ನಂಬರೂ ಬದಲಾಗಿತ್ತು. ಬ್ಯಾಟರಿ ಮಾತ್ರ ಎಲ್ಲೋ ದಿನವೂ ಚಾರ್ಜ್ ಆಗುತ್ತಿತ್ತು. ಭದ್ರಾವತಿಯ ಹಳೇನಗರದ ಕಡೆಯ ಟವರ್ ಎಂಬುದಷ್ಟೇ ತಿಳಿಯುತ್ತಿತ್ತು. ಬಿಸಿ ಇಪ್ಪತ್ತನಾಲ್ಕು ಡಿಗ್ರಿ. ಬೆಳಿಗ್ಗೆಯೂ ಇಪ್ಪತ್ತನಾಲ್ಕು, ಮಧ್ಯಾಹ್ನವೂ ಇಪ್ಪತ್ತನಾಲ್ಕು.

ದೂರದಿಂದಲೇ ಅದನ್ನು ಆರಿಸಲು ಬರುವುದಿಲ್ಲವೇ ಎಂದು ನಾನು ಕೇಳಿದೆ.

"ಆ ಸೌಲಭ್ಯ ಇಡ್ಲಿಲ್ಲ ಕಣೇ," ಎಂದಳು. "ಯಾರಾದ್ರೂ ಗಾಡಿ ಓಡಿಸ್ತಿರೋವಾಗ ತಪ್ಪಿ ಆಫ್ ಆಗ್ಬಿಟ್ರೆ ಅಂತ ಹೆದ್ರಿ ಬಿಟ್ಟೆ."

ಶಿವಮೊಗ್ಗದ ರಿವೈಂಡಿಂಗ್ ಅಂಗಡಿಗಳವರನ್ನೆಲ್ಲ ಕೇಳುತ್ತಾ ಹೋದಾಗ ಕೊನೆಗೆ ಒಬ್ಬರು ಧರ್ಮೇಂದ್ರನ ಹೊಸ ನಂಬರ್ ಕೊಟ್ಟರು. ಅವನು ತರೀಕೆರೆಯಲ್ಲಿ ಯಾವುದೋ ಕೆಲಸದ ಮೇಲಿದ್ದ. ಪ್ರಿಯದರ್ಶಿನಿ ಸ್ಪೀಕರ್ ಹಾಕಿ ಕೇಳಿದಳು: "ಬ್ಯಾಟರಿ ಎಲ್ಲಿದೆ ಧರ್ಮೇಂದ್ರ?"

"ಗಾಡಿ ಮಾರ್ಬಿಟ್ಟೆ ಮೇಡಂ. ಬ್ಯಾಟರಿ ನಮ್ಮ ಬೀದಿ ಅಂಗನವಾಡಿಗೆ ಕೊಟ್ಟಿದೀನಿ. ಅಲ್ಲಿ ಕರೆಂಟ್ ಹೋದ್ರೆ ಮಕ್ಕಳು ಸೆಕೆಗೆ ಅಳ್ತಿದ್ವು. ಒಂದು ಇನ್ವರ್ಟರ್ ಜೋಡಿಸಿ ಫ್ಯಾನಿಗೆ ಕನೆಕ್ಷನ್ ಕೊಟ್ಟೆ. ಚೆನ್ನಾಗಿ ನಡೀತಿದೆ."

ಪ್ರಿಯದರ್ಶಿನಿ ಕಾರಿನ ಕೀ ತರಲು ಎದ್ದಳು. ಫೋನ್ ನಾನು ತೆಗೆದುಕೊಂಡೆ. ಟೀಚರ್ ಹೆಸರು ಶರಾವತಿ ಎಂದು ಹೇಳಿ ಅವನು ನಂಬರ್ ಕೊಟ್ಟ. ಅವನಿಗೆ ವಿಷಯ ಹೇಳಿದೆ. "ಅಯ್ಯೋ ದೇವ್ರೇ. ನಾನೇ ಕೈಯಾರೆ ಇಟ್ಬಂದೆ ಮೇಡಂ."

ಮಾಚೇನಹಳ್ಳಿಯಿಂದ ಭದ್ರಾವತಿ ಏನೂ ದೂರವಲ್ಲ. ಆವತ್ತು ಆ ದಾರಿ ಮುಗಿಯಲೇ ಇಲ್ಲ. ಕಾರು ನಾನು ಓಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಶರಾವತಿ ಟೀಚರಿಗೆ ಫೋನ್ ಮಾಡುತ್ತಲೇ ಇದ್ದಳು. ರಿಂಗ್ ಆಗುತ್ತಿತ್ತು, ಎತ್ತುತ್ತಿರಲಿಲ್ಲ. ಅಗ್ನಿಶಾಮಕದವರಿಗೆ ಹೇಳಿದಳು, ಅವರು ಹೊರಟಿದ್ದೇವೆ ಎಂದರು. ಮತ್ತೆ ಟೀಚರಿಗೆ. ಮಳೆ ಜೋರಾಗಿತ್ತು, ಮುಂದೆ ಸರಕಿನ ಲಾರಿಯೊಂದು ತೂಗಾಡುತ್ತಾ ಹೋಗುತ್ತಿತ್ತು. ಹಾರ್ನ್ ಎಷ್ಟು ಒತ್ತಿದರೂ ದಾರಿ ಬಿಡಲಿಲ್ಲ.

ಅವಳ ಮೊಬೈಲಿನಲ್ಲಿ ಆ ಬ್ಯಾಟರಿಯ ಪರದೆ ತೆರೆದಿತ್ತು. "ಬೆಳಿಗ್ಗೆಯಿಂದ ಕರೆಂಟ್ ಹೋಗಿತ್ತು ಅನ್ಸುತ್ತೆ. ಬ್ಯಾಟರಿ ಖಾಲಿಯಾಗಿದೆ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಗೌರಿ, ಕರೆಂಟ್ ಬಂತು. ಚಾರ್ಜ್ ಶುರುವಾಯ್ತು," ಎಂದಳು.

"ಬಿಸಿ ಎಷ್ಟಿದೆ?" ಎಂದೆ. ಅದು ದಡ್ಡ ಪ್ರಶ್ನೆ ಎಂದು ಕೇಳಿದ ಮೇಲೆ ಹೊಳೆಯಿತು.

ಅವಳು ಸೀಟಿನ ಅಂಚನ್ನು ಹಿಡಿದುಕೊಂಡಿದ್ದಳು. ಭದ್ರಾ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಮ್ಮ ಸಾಲು ಮುಂದೆ ಸರಿಯುವುದನ್ನು ಕಾಯಲಾರದೆ ಅವಳು ಬಾಗಿಲು ತೆಗೆದು ಮಳೆಯಲ್ಲೇ ಓಡಿದಳು. ನಾನು ಕಾರನ್ನು ಎಲ್ಲೋ ಒತ್ತರಿಸಿ ನಿಲ್ಲಿಸಿ ಹಿಂದೆ ಓಡಿದೆ. ಯಾರೋ ಬೈದರು.

ಅಂಗನವಾಡಿ ಒಂದು ಕಿರಿದಾದ ಓಣಿಯಲ್ಲಿತ್ತು. ಹೊರಗೆ ಸಣ್ಣ ಸಣ್ಣ ಚಪ್ಪಲಿಗಳು. ಬಾಗಿಲು ಮುಂದಕ್ಕೆ ಮಾಡಿತ್ತು. ನಾನು ತಲುಪಿದಾಗ ಪ್ರಿಯದರ್ಶಿನಿ ಹೊಸ್ತಿಲಿನಲ್ಲಿ ನಿಂತುಬಿಟ್ಟಿದ್ದಳು. ಒಳಗೆ ಊಟ ಮುಗಿಸಿದ ಮಕ್ಕಳು ಜಮಖಾನದ ಮೇಲೆ ಮಲಗಿ ನಿದ್ದೆ ಹೋಗಿದ್ದವು. ಮೇಲೆ ಫ್ಯಾನ್ ತಿರುಗುತ್ತಿತ್ತು. ಶರಾವತಿ ಟೀಚರ್ ಮೂಲೆಯಲ್ಲಿ ತಟ್ಟೆ ಒರೆಸುತ್ತಿದ್ದರು. ಕೋಣೆಯ ತುಂಬ ಅದೇ ವಾಸನೆ, ನೇಲ್ ಪಾಲಿಶಿನ ಸಿಹಿ ವಾಸನೆ.

"ಯಾರಮ್ಮ ನೀವು?" ಎಂದು ಟೀಚರ್ ಎದ್ದರು. "ಮೆಲ್ಲಗೆ ಮಾತಾಡಿ, ಮಕ್ಕಳು ಮಲಗಿದಾವೆ."

"ಟೀಚರ್, ಮಕ್ಕಳನ್ನೆಲ್ಲ ಹೊರಗೆ ಕರ್ಕೊಳಿ. ಬ್ಯಾಟರಿ ಹೊತ್ಕೊಳುತ್ತೆ," ಎಂದಳು ಪ್ರಿಯದರ್ಶಿನಿ. ಮುಂದಕ್ಕೆ ಹೆಜ್ಜೆ ಎತ್ತಿಡಲು ಅವಳಿಗೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದ ಹುಡುಗಿಯ ಮುಖವೇ ಅದು. ನಾನು ಅವಳ ಬೆನ್ನು ದೂಡಲಿಲ್ಲ, ದೂಡುವ ಧೈರ್ಯ ನನಗೂ ಇರಲಿಲ್ಲ. ಟೀಚರೇ ಮೊದಲು ಅಲುಗಾಡಿದರು. ಏನೂ ಕೇಳದೆ ಹತ್ತಿರದ ಎರಡು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಹೊರಗೆ ಓಡಿದರು. ನಾನೂ ಕೈಗೆ ಸಿಕ್ಕವರನ್ನು ಎತ್ತಿಕೊಂಡೆ. ನಿದ್ದೆಗಣ್ಣಿನಲ್ಲಿ ಅವು ಅಳತೊಡಗಿದವು. ಓಣಿಯ ಹೆಂಗಸರು ಓಡಿ ಬಂದು ಕೈಯಿಂದ ಕೈಗೆ ಇಸಿದುಕೊಂಡರು.

ಕೋಣೆ ಖಾಲಿಯಾಯಿತು ಅಂದುಕೊಂಡೆವು. ಅಷ್ಟರಲ್ಲಿ ಟೀಚರ್ ಹೊರಗಿನಿಂದ ಕೂಗಿದರು: "ಪ್ರಣವ ಎಲ್ಲಿ? ಪ್ರಣವ ಇಲ್ಲ ಇಲ್ಲಿ."

ಪ್ರಿಯದರ್ಶಿನಿ ಬಗ್ಗಿ ನೋಡಿದಳು. ಮೂಲೆಯ ಮೇಜಿನ ಕೆಳಗೆ ನಮ್ಮ ನೀಲಿ ಪೆಟ್ಟಿಗೆ ಇತ್ತು. ಅದರ ಹಿಂದೆ, ಗೋಡೆಗೂ ಪೆಟ್ಟಿಗೆಗೂ ನಡುವೆ, ಬೆಚ್ಚಗಿದೆ ಎಂದು ಒಂದು ಮಗು ಮುದುಡಿ ಮಲಗಿತ್ತು. ಪೆಟ್ಟಿಗೆಯ ಮುಚ್ಚಳ ಉಬ್ಬಿತ್ತು. ಒಳಗೆ ಟಕ್ ಎಂದಿತು.

ಆಮೇಲೆ ನಡೆದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಅವಳು ಮೊಣಕಾಲೂರಿ ಒಳಗೆ ನುಗ್ಗಿದಳು. ಮೊದಲು ಚಾರ್ಜರಿನ ಪ್ಲಗ್ ಕಿತ್ತಳು. ಪೆಟ್ಟಿಗೆ ಅಡ್ಡವಿತ್ತು, ಅದನ್ನು ಸರಿಸದೆ ಮಗು ಹೊರಗೆ ಬರುವಂತಿರಲಿಲ್ಲ. ಜಮಖಾನದ ತುದಿಯನ್ನು ಕೈಗೆ ಸುತ್ತಿಕೊಂಡು ಪೆಟ್ಟಿಗೆಯನ್ನು ಎಳೆದು ತಬ್ಬಿ ಎತ್ತಿದಳು. "ಗೌರಿ, ಮಗು," ಎಂದಳು. ನಾನು ಅವಳನ್ನು ದಾಟಿ ಒಳಗೆ ಹೋಗಿ ಮಗುವನ್ನು ಎಳೆದುಕೊಂಡೆ. ಅವಳು ಹೊರಗೆ ನಡೆದಳು. ಎದುರಿನ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಯ ಕಡೆಗೆ ಹೋದಳು. "ಸರೀರಿ, ಸರೀರಿ," ಎನ್ನುತ್ತಾ ಓಣಿಯ ಜನರನ್ನು ದೂರ ಕಳಿಸುತ್ತಿದ್ದಳು, ಅಳುತ್ತಲೂ ಇದ್ದಳು. ಪೆಟ್ಟಿಗೆಯಿಂದ ಬಿಳಿ ಹೊಗೆ ಅವಳ ಕತ್ತನ್ನು ಸುತ್ತಿಕೊಳ್ಳುತ್ತಿತ್ತು. ರಾಶಿಯ ಮೇಲೆ ಇಟ್ಟು ತಿರುಗಿದಳು. ಅವಳು ಇನ್ನೂ ಓಡುತ್ತಿದ್ದಾಗಲೇ ಅದು ಸಿಡಿಯಿತು.

ಮಕ್ಕಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಅಗ್ನಿಶಾಮಕದವರು ಬಂದು ಉಳಿದದ್ದನ್ನು ತಣಿಸಿದರು. ಅವಳ ಎಡತೋಳಿನ ಚರ್ಮ ಮೊಣಕೈವರೆಗೆ ಸುಟ್ಟಿತ್ತು. ಆಂಬ್ಯುಲೆನ್ಸಿಗೆ ಕಾಯುತ್ತಾ ಅವಳು ಅಂಗನವಾಡಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಪ್ರಣವನ ತಾಯಿ ದಿವ್ಯಶ್ರೀ ಓಡಿಬಂದರು. ಮಗನನ್ನು ತಡವಿ ತಡವಿ ನೋಡಿದ ಮೇಲೆ ಪ್ರಿಯದರ್ಶಿನಿಯ ಎದುರು ನಿಂತರು.

"ಇದನ್ನ ಮಾಡಿದೋರು ನೀವೇನಾ?"

"ಹೌದು."

"ನಿಮ್ಮ ಮಗೂನ ಅದ್ರ ಪಕ್ಕ ಮಲಗಿಸ್ತಿದ್ರಾ?"

ಪ್ರಿಯದರ್ಶಿನಿ ಎದ್ದು ನಿಂತಳು. "ಮಲಗಿಸ್ತಿದ್ದೆ. ಅಷ್ಟು ನಂಬಿದ್ದೆ ಅದನ್ನ. ತಪ್ಪಾಯ್ತಮ್ಮ," ಎಂದಳು. ಆ ತಾಯಿ ಮಗನನ್ನು ಎತ್ತಿಕೊಂಡು ಹೋದರು.

ಕಂಪನಿ ಮುಚ್ಚಿತು. ಪೊಲೀಸ್ ಠಾಣೆಗೆ ಅಲೆದೆವು, ಪತ್ರಿಕೆಯವರು ಬಂದರು. ಹರ್ಷವರ್ಧನ ಕೆಲವು ತಿಂಗಳು ನಮ್ಮ ಜೊತೆ ಮಾತಾಡಲಿಲ್ಲ. ಪ್ರಿಯದರ್ಶಿನಿ ಒಂದು ಕೆಲಸ ಮಾಡಿದಳು. ಕಾವಲು ಬೋರ್ಡಿನ ದೋಷ ಏನು, ತೇವ ಎಲ್ಲಿ ಇಳಿಯುತ್ತದೆ, ಕಿಲುಬು ಹೇಗೆ ಸುಳ್ಳು ಹೇಳಿಸುತ್ತದೆ ಎಂಬುದನ್ನು ಚಿತ್ರಗಳ ಸಮೇತ ಬರೆದು, ತನ್ನ ಹೆಸರು ಹಾಕಿ, ಬ್ಯಾಟರಿ ಮಾಡುವ ಎಲ್ಲರಿಗೂ ಕಳಿಸಿದಳು. ಅದಾದ ಮೇಲೆ ಅವಳು ಸೋಲ್ಡರಿಂಗ್ ಕಡ್ಡಿ ಮುಟ್ಟಲಿಲ್ಲ. ನ್ಯೂಟೌನಿನಲ್ಲಿ ತಾಯಿಯ ಮನೆಯಲ್ಲಿ ಉಳಿದಳು. ಎಲ್ಲಾದರೂ ಸಣ್ಣ ಸದ್ದಾದರೆ ಬೆಚ್ಚುತ್ತಿದ್ದಳು. ಮೊಬೈಲ್ ಚಾರ್ಜಿಗೆ ಹಾಕಿದರೆ ಅದರ ಪಕ್ಕದಲ್ಲೇ ಕಾವಲು ಕೂರುತ್ತಿದ್ದಳು.

ಸುಮಾರು ಒಂದು ವರ್ಷ ಹೀಗೆ ಕಳೆದ ಮೇಲೆ ಪ್ರೇಮಮ್ಮ ಒಂದು ದಿನ ಮಿಕ್ಸಿ ತಂದು ಅವಳ ಮುಂದಿಟ್ಟರು. "ಶಾಕ್ ಹೊಡೀತಿದೆ ಮಗಾ. ನೋಡ್ಕೊಡು."

"ಅಂಗಡಿಗೆ ಕೊಡಮ್ಮ. ನಂಗಾಗಲ್ಲ."

"ಅಂಗಡಿಯೋನು ಸರಿಯಾಗಿದೆ ಅಂತ ವಾಪಸ್ ಕೊಟ್ಟ. ಅಲ್ಲಿ ಹೊಡೆಯಲ್ಲ, ನಮ್ಮ ಅಡುಗೆಮನೇಲಿ ಹೊಡೆಯುತ್ತೆ. ನಂಗೆ ಹೆದರಿಕೆ ಆಗುತ್ತೆ, ಚಟ್ನಿ ಮಾಡೋದೇ ಬಿಟ್ಟಿದೀನಿ."

ತಾಯಿಗೂ ಹೆದರಿಕೆ ಎಂದಾಗ ಅವಳು ಎದ್ದಳಂತೆ. ಒಣಗಿದ ಅಂಗಡಿಯಲ್ಲಿ ಸರಿಯಾಗಿರುವ ಮಿಕ್ಸಿ ತೇವದ ಅಡುಗೆಮನೆಯಲ್ಲಿ ಕೆಡುತ್ತಿತ್ತು. ಅದನ್ನು ಖಚಿತಪಡಿಸಿಕೊಳ್ಳಲು ಅವಳು ಹಳೆಯ ಕಬ್ಬಿಣದ ಬೀರುವಿನೊಳಗೆ ಹಬೆ ಬಿಟ್ಟು, ಮಿಕ್ಸಿಯನ್ನು ಇಟ್ಟು, ಹೊರಗಿನಿಂದ ಅಳೆದಳು. ಅಲ್ಲಿಂದ ನಾಲ್ಕನೆಯ ಕಂಪನಿ ಶುರುವಾಯಿತು. ಈಗ ಅವಳದೊಂದು ಬಾಡಿಗೆ ಮನೆಯಿದೆ. ಅದರಲ್ಲಿ ಆಳೆತ್ತರದ ಪೆಟ್ಟಿಗೆಗಳು. ಒಳಗೆ ನಮ್ಮ ಮಳೆಗಾಲವನ್ನೇ ತಯಾರಿಸಿಟ್ಟಿದ್ದಾಳೆ: ಸೋನೆ, ಹಬೆ, ಬೂಷ್ಟು, ನಡುನಡುವೆ ಹೋಗಿ ಬರುವ ಕರೆಂಟು. ಹೊಸದಾಗಿ ಏನಾದರೂ ಯಂತ್ರ ಮಾಡುವವರು ತಂದು ಕೊಡುತ್ತಾರೆ. ಅದು ಎಲ್ಲಿ, ಹೇಗೆ ಕೆಡುತ್ತದೆ ಎಂದು ಅವಳು ನೋಡಿ ಹೇಳುತ್ತಾಳೆ. ಹರ್ಷವರ್ಧನರೂ ಈಚೆಗೆ ಒಬ್ಬ ಗಿರಾಕಿಯನ್ನು ಕಳಿಸಿದರು. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ಪ್ರಿಯಾ ಹೆದರಿದ್ರೆ ನಾನು ಈಗ ಕೇಳ್ತೀನಿ ಅಂತ ಹೇಳಿ."

ಹೆದರಿಕೆ ಹೋಗಿದೆಯೇ ಎಂದು ನಾನು ಅವಳನ್ನು ಕೇಳಿದ್ದೇನೆ. "ಎಲ್ಲಿ ಹೋಗುತ್ತೆ ಮಾರಾಯ್ತಿ," ಎಂದಳು. ತೋಳಿನ ಗಾಯದ ಕಲೆಯ ಮೇಲೆ ಬಟ್ಟೆ ಎಳೆದುಕೊಂಡಳು. ಹಳೇನಗರದ ಆ ಓಣಿಗೆ ಅವಳು ಇಂದಿಗೂ ಹೋಗುವುದಿಲ್ಲ.

ಕಳೆದ ತಿಂಗಳು ಹುಬ್ಬಳ್ಳಿಯ ಇಬ್ಬರು ತರುಣಿಯರು ಎಳೆಗೂಸುಗಳಿಗೆ ಹಾಸುವ, ಬೆಚ್ಚಗೆ ಇಡುವ ಹಾಸಿಗೆಯೊಂದನ್ನು ತಂದಿದ್ದರು. ಅದು ಪೆಟ್ಟಿಗೆಯೊಳಗೆ ಕೆಲವು ದಿನ ತಡೆದುಕೊಂಡು, ಆಮೇಲೆ ಒಂದು ಮೂಲೆಯಲ್ಲಿ ಕರಕಲಾಯಿತು. ಅದನ್ನು ಅವರ ಮುಂದೆ ಹರಡಿದಾಗ ಅವರಲ್ಲಿ ಚಿಕ್ಕವಳು ಅತ್ತುಬಿಟ್ಟಳು. ಮುಂದಿನ ವಾರವೇ ಮಾರಾಟ ಶುರುವಾಗುವುದಿತ್ತಂತೆ. ಪ್ರಿಯದರ್ಶಿನಿ ಕಾಫಿ ಮಾಡಿ ತಂದಳು, ಸುಟ್ಟ ಜಾಗವನ್ನು ಬೆರಳಿನಿಂದ ತೋರಿಸಿ, ಯಾವ ತಂತಿಯನ್ನು ಎಲ್ಲಿ ಬದಲಾಯಿಸಬೇಕು ಎಂದು ಸಂಜೆಯವರೆಗೂ ಕೂತು ವಿವರಿಸಿದಳು. ಅವರು ಹಾಸಿಗೆ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಅವಳು ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿನ ನೀರನ್ನು ಒರೆಸತೊಡಗಿದಳು.